ಚಳಿಯಲ್ಲಿ ಎಳೆಯಬಾರದ ಹಿಡಿಕೆ

ನಾಯ್‌ಗ್ರುಂಡ್
೬ ಮೇ ೧೯೮೪, ಭಾನುವಾರ

ಅಮ್ಮಾ,

ಮಂಡಿ ನೋವು ಹೇಗಿದೆ? ಆ ಹೊಸ ಕಟ್ಟಡದ ಮೂರು ಮಹಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತು ಸುಧಾರಿಸಿಕೋ, ಅವಸರ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಮೇಸ್ತ್ರಿಯ ಹೆಂಡತಿ ಎರಡು ಹೊತ್ತೂ ಊಟ ಹಾಕುತ್ತಾರೆ. ಆಲೂಗಡ್ಡೆಗೆ ಹಸಿ ಗಿಣ್ಣು ಧಾರಾಳವಾಗಿ ಬಡಿಸುತ್ತಾರೆ, ಅಗಸೆ ಎಣ್ಣೆಯನ್ನು ಮಾತ್ರ ಕಣ್ಣಿಗೆ ಔಷಧಿ ಬಿಟ್ಟ ಹಾಗೆ ಬಿಡುತ್ತಾರೆ. ಈಸ್ಟರ್‌ಗೆ ಬರಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಬಹಳ ಇತ್ತು. ಬಸ್ಸಿನಲ್ಲಿ ಜಾಗವೂ ಸಿಗಲಿಲ್ಲ.

ಹೋದ ವಾರ ಹಾಂಜಾ ಅಜ್ಜಿಯ ಕಾಗದ ಬಂತು. ನಮ್ಮ ಊರಿನಲ್ಲಿ ಪಕ್ಕದ ಮನೆಯಲ್ಲಿದ್ದವಳು ಈಗ ನಿನ್ನ ಕಟ್ಟಡದಲ್ಲೇ ಕೆಳಗಿದ್ದಾಳಂತೆ, ನೀನು ಹೇಳಲೇ ಇಲ್ಲ. "ನಿಮ್ಮಮ್ಮ ಬಾಯಿ ಬಿಡೋದಿಲ್ಲ, ಅದಕ್ಕೇ ನಾನೇ ಬರೀತಿದೀನಿ" ಎಂದು ಬರೆದಿದ್ದಾಳೆ. "ಇಲ್ಲಿನ ಚರ್ಚಿಗೆ ಆರ್ಗನ್ ನುಡಿಸೋಕೆ ಯಾರೋ ಸಂಗೀತ ಕಲಿಯೋ ಹುಡುಗನ್ನ ತಗೊಂಡ್ರು ಕಣೇ. ನಿಮ್ಮಮ್ಮನ್ನ ಕೇಳಲೇ ಇಲ್ಲ. ಆಯಮ್ಮಂಗೆ ಕೈ ನಡುಗುತ್ತಂತೆ, ಕೊನೇ ಪೂಜೆ ದಿನ ನಾವೇ ಕಣ್ಣಾರೆ ಕಂಡ್ವಲ್ಲ ಅಂದ್ರಂತೆ ಚರ್ಚಿನ ಹಿರಿಯರು. ಇವಳೋ ನೀರು ಕಾಯಿಸ್ತಾ ನಿಂತವಳೆ."

ಅಮ್ಮಾ, ನಿನ್ನ ಕೈ ನಡುಗಲಿಲ್ಲ. ಇದನ್ನು ಬರೆಯುವುದಕ್ಕೇ ಕುಳಿತಿದ್ದೇನೆ. ಮೂರು ತಿಂಗಳು ತಡವಾಯಿತು. ಬಾಯಿಂದ ಹೇಳುವುದು ನನ್ನಿಂದ ಆಗುವುದಿಲ್ಲ, ನಿನಗೆ ಗೊತ್ತು. ಇಲ್ಲಿ ಎಲ್ಲವೂ ಜರ್ಮನ್, ಎಂಟನೆಯ ತರಗತಿ ಬಿಟ್ಟ ಮೇಲೆ ನಮ್ಮ ಸೋರ್ಬ್ ಭಾಷೆಯಲ್ಲಿ ಇಷ್ಟುದ್ದ ಎಂದೂ ಬರೆದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ಕಳೆದ ನವೆಂಬರಿನಲ್ಲಿ, ನಮ್ಮೂರು ಯಾಸೆನ್‌ಕಿಯ ಚರ್ಚಿನ ಕೊನೆಯ ಪೂಜೆ ಜನವರಿ ಇಪ್ಪತ್ತೊಂಬತ್ತಕ್ಕೆ, ಅದು ಮುಗಿದ ಮೇಲೆ ಊರನ್ನು ಕಲ್ಲಿದ್ದಲು ಗಣಿಗೆ ಬಿಟ್ಟುಕೊಡುತ್ತಾರೆ ಎಂದು ಗೊತ್ತಾಯಿತಲ್ಲ, ಆಗ ನಮ್ಮ ಚರ್ಚಿನ ಆರ್ಗನ್ ಬಿಚ್ಚುವ ಕೆಲಸ ಆರ್ಗನ್ ಕಟ್ಟುವ ನಮ್ಮ ಕಾರ್ಖಾನೆಗೇ ಬಂತು. ಮೇಸ್ತ್ರಿ ಕ್ವೆಲ್‌ಮಾಲ್ಟ್ಸ್ ನನ್ನನ್ನು ಕರೆದು, "ಏ ಬಾಯಿಬಡುಕಿ, ನಿಮ್ಮೂರಿನ ಆರ್ಗನ್ನಲ್ಲಿ ಕೆಟ್ಟಿರೋದು ಯಾವುದು?" ಎಂದು ಕೇಳಿದರು. ಇಡೀ ದಿನ ನಾನು ನಾಲ್ಕು ಮಾತೂ ಆಡುವುದಿಲ್ಲವೆಂದು ಅವರು ನನ್ನನ್ನು ಕರೆಯುವುದೇ ಹಾಗೆ. ತುತ್ತೂರಿಯ ಹಾಗೆ ಕೂಗುವ ಕೊಳವೆಗಳ ಸಾಲು, ಹನ್ನೊಂದು ವರ್ಷದಿಂದ ಮೂಕವಾಗಿದೆ ಎಂದೆ. "ಸರಿ, ಬಿಚ್ಚೋ ಮೊದಲು ಆ ಕೊನೇ ಪೂಜೆಗೆ ಅದರ ಬಾಯಿ ಬಿಡ್ಸು. ಅದೇ ನಿನ್ನ ಮೂರನೇ ವರ್ಷದ ಕೆಲಸ. ಅದು ಕೂಗಿದ್ರೆ ಜುಲೈ ಪರೀಕ್ಷೆಗೆ ನಿನ್ನ ಹೆಸರು ಕಳಿಸ್ತೀನಿ, ಕೂಗದಿದ್ರೆ ನಿಮ್ಮಮ್ಮನ ಹತ್ರ ಹೋಗಿ ಹಸು ಕರಿ" ಎಂದರು.

ಎರಡು ತಿಂಗಳು ಅದೇ ಕೆಲಸ. ಐವತ್ತನಾಲ್ಕು ಕೊಳವೆ, ಪ್ರತಿಯೊಂದರ ಬುಡದಲ್ಲಿ ಒಂದೊಂದು ಹಿತ್ತಾಳೆ ನಾಲಿಗೆ. ಹನ್ನೊಂದು ನಾಲಿಗೆಗಳನ್ನು ಹಸಿರು ಕಿಲುಬು ತಿಂದುಹಾಕಿತ್ತು. ಅವನ್ನು ಹೊಸದಾಗಿ ಕತ್ತರಿಸಿದೆ. ನಾಲಿಗೆಗೆ ಎಷ್ಟು ಬಾಗು ಕೊಡಬೇಕೆಂಬುದನ್ನು ಯಾರೂ ಹೇಳಿಕೊಡಲಾರರು, ಕಣ್ಣಿಗೆ ಕಾಣದಷ್ಟು ಬಾಗು ಅದು. ಹೆಚ್ಚಾದರೆ ಬಾಯಿ ತೆರೆಯುವುದಿಲ್ಲ, ಕಡಿಮೆಯಾದರೆ ಮೇಕೆಯ ಹಾಗೆ ಅರಚುತ್ತದೆ. ಒಂಬತ್ತು ನಾಲಿಗೆ ಹಾಳು ಮಾಡಿದೆ. ಹತ್ತನೆಯದು ಕೂಗಿದಾಗ ಮೇಸ್ತ್ರಿ ತಮ್ಮ ಬೆಂಚಿನಿಂದ ತಲೆ ಎತ್ತಲಿಲ್ಲ, ಆದರೆ ಉಜ್ಜುತ್ತಿದ್ದ ಕೈ ನಿಂತಿತು. ಅದನ್ನು ನೋಡಿದೆ. ನನಗೆ ಅಷ್ಟು ಸಾಕಾಗಿತ್ತು.

ಪೂಜೆಗೆ ಮೂರು ದಿನ ಮೊದಲು, ಗುರುವಾರ, ಊರಿಗೆ ಬಂದು ಕೊಳವೆಗಳನ್ನು ಚರ್ಚಿನ ಅಟ್ಟದ ಮೇಲೆ ಅವುಗಳ ಜಾಗದಲ್ಲಿ ನಿಲ್ಲಿಸಿದೆ. ನೀನು ಮನೆಯ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದೆ. ಸಹಾಯಕ್ಕೆ ಬರಲಾ ಎಂದು ನೀನು ಕೇಳಿದೆ. ಬೇಡ, ಭಾನುವಾರ ಕೇಳಿದರೆ ಸಾಕು ಎಂದೆ ನಾನು. ನಿನಗೆ ಅಚ್ಚರಿ ಕೊಡಬೇಕೆಂಬ ಆಸೆ. ಶುಕ್ರವಾರ ಶ್ರುತಿ ಮಾಡಲು ನಿಂತೆ. ನಾನು ಒಳಗೆ ಕೊಳವೆಗಳ ನಡುವೆ ನಿಂತು ನಾಲಿಗೆಯನ್ನು ಒತ್ತಿ ಹಿಡಿಯುವ ಶ್ರುತಿಯ ತಂತಿಯನ್ನು ತಟ್ಟುವಾಗ ಹೊರಗೆ ಸ್ವರದ ಪಟ್ಟಿ ಒತ್ತಿ ಹಿಡಿಯಲು ಒಬ್ಬರು ಬೇಕಲ್ಲ, ಹಾಂಜಾ ಅಜ್ಜಿಯೇ ಬಂದಳು. ಎಂಬತ್ತೊಂದು ವರ್ಷದ ಬೆರಳು. ನಾನು "ಮುಂದಿನದು" ಎಂದರೆ ಅವಳಿಗೆ ಕೇಳುತ್ತಿರಲಿಲ್ಲ. "ಒಳಗಡೆ ಇಲಿ ಮಾತಾಡ್ತಿದ್ಯೋ ನೀನು ಮಾತಾಡ್ತಿದ್ದೀಯೋ? ಗಂಟಲು ಬಿಟ್ಟು ಹೇಳೇ, ನಾನೇನು ನಿನ್ನ ಮದುವೆಯಾಗೋ ಗಂಡಾ ನಾಚ್ಕೊಳ್ಳೋಕೆ?" ಎಂದು ಬೈದಳು. ಕೊನೆಗೆ ಕೊಳವೆಯ ಚೌಕಟ್ಟನ್ನು ಎರಡು ಸಲ ಕುಟ್ಟಿದರೆ ಮುಂದಿನ ಸ್ವರ ಎಂದು ಒಪ್ಪಂದ ಮಾಡಿಕೊಂಡೆವು.

ಚರ್ಚಿನ ಒಳಗೆ ನೀರು ಇಟ್ಟರೆ ಗಡ್ಡೆ ಕಟ್ಟುವ ಚಳಿ. ಅಜ್ಜಿ ನನ್ನನ್ನು ಕೇಳದೆ ಎರಡೂ ಕಬ್ಬಿಣದ ಒಲೆ ಹೊತ್ತಿಸಿದಳು. ತನ್ನ ಮನೆಯಲ್ಲಿ ಉಳಿದಿದ್ದ ಕಲ್ಲಿದ್ದಲನ್ನೆಲ್ಲ ಕೈಗಾಡಿಯಲ್ಲಿ ತಂದು ಸುರಿದಳು. "ಇನ್ಯಾರಿಗೆ ಉಳಿಸ್ಲಿ? ನನ್ನ ಮನೆ ಅಡಿಯಿಂದ ತೋಡ್ಕೊಳ್ಳೋಕೆ ಬರ್ತಾವ್ರೆ, ಮೇಲಿರೋದನ್ನೂ ಅವರ ಕೈಗೇ ಕೊಡ್ಲಾ?" ಎಂದಳು.

ಬೇಡ ಅಜ್ಜಿ, ಆರಿಸು ಎಂದು ಹೇಳಬೇಕಿತ್ತು. ನನಗೆ ಗೊತ್ತಿತ್ತು ಅಮ್ಮಾ. ಕೆಲಸಕ್ಕೆ ಸೇರಿದ ಮೊದಲ ವಾರವೇ ಮೇಸ್ತ್ರಿ ಒಂದು ಬೆರಳುದ್ದದ ಕೊಳವೆಯನ್ನು ನನ್ನ ಅಂಗೈಯಲ್ಲಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಊದಿಸಿದ್ದರು. ಸ್ವರ ಏರಿತ್ತು. "ನೋಡು, ನಿನ್ನ ಕೈ ಬಿಸಿಗೇ ಶ್ರುತಿ ಹತ್ತುತ್ತೆ. ಇದು ನಿನ್ನ ಮಗುವಲ್ಲ, ತಬ್ಬಿಕೋಬೇಡ" ಎಂದಿದ್ದರು. ಬಿಸಿಗೆ ಏರುವುದು, ಚಳಿಗೆ ಇಳಿಯುವುದು ಮಾಮೂಲಿ ಕೊಳವೆಗಳ ಸ್ವರ. ತುತ್ತೂರಿ ಹಾಗಲ್ಲ. ಅದರ ಸ್ವರ ಹಿತ್ತಾಳೆ ನಾಲಿಗೆಯದು, ಅದು ಇದ್ದಲ್ಲೇ ಇರುತ್ತದೆ. ಆದ್ದರಿಂದ ಜನ ಎಂಥ ಚಳಿಯಲ್ಲಿ ಕೂತು ಹಾಡುತ್ತಾರೋ ಅಂಥ ಚಳಿಯಲ್ಲೇ ತುತ್ತೂರಿಯ ಶ್ರುತಿ ಸೇರಿಸಬೇಕು. ನಮ್ಮ ಕೆಲಸದಲ್ಲಿ ಮೊದಲು ಕಲಿಯುವ ಪಾಠವೇ ಇದು.

ಆದರೆ ಅಜ್ಜಿಯ ಮುಖ ನೋಡಿ ಹೇಳಲಾಗಲಿಲ್ಲ. ನನ್ನ ಬೆರಳುಗಳೂ ಮರಗಟ್ಟಿದ್ದವು. ಮಧ್ಯಾಹ್ನದ ಹೊತ್ತಿಗೆ ಅಟ್ಟದ ಮೇಲೆ ಕೋಟು ಬಿಚ್ಚುವಷ್ಟು ಬೆಚ್ಚಗಾಯಿತು. ಸುಖವಾಯಿತು. ಆ ಬಿಸಿಯಲ್ಲೇ ಐವತ್ತನಾಲ್ಕನ್ನೂ ಸೇರಿಸಿದೆ. ಕೊನೆಗೆ ಅಜ್ಜಿ ಎರಡೂ ಕೈಯಿಂದ ಸಿಕ್ಕಸಿಕ್ಕ ಪಟ್ಟಿಗಳನ್ನೆಲ್ಲ ಒತ್ತಿದಾಗ ಇಡೀ ಚರ್ಚು ಹೊಂಬಣ್ಣಕ್ಕೆ ತಿರುಗಿದ ಹಾಗಾಯಿತು. ಅಜ್ಜಿ ಅತ್ತಳು. "ನನ್ನ ಮದುವೇಲಿ ಇದೇ ಕೂಗಿತ್ತು" ಎಂದಳು.

ಶನಿವಾರ ಗಣಿಯವರು ಬಂದು ಎರಡು ಒಲೆಗಳನ್ನೂ ಕಿತ್ತುಕೊಂಡು ಹೋದರು. ಚರ್ಚಿಗೆ ಬೀಗ ಹಾಕಿದರು. ಭಾನುವಾರ ಪೂಜೆಯ ಹೊತ್ತಿಗಷ್ಟೇ ತೆಗೆಯುತ್ತೇವೆಂದರು. ಮೇಸ್ತ್ರಿ ನನಗೆ ಹೇಳಿ ಕಳಿಸಿದ್ದರು: "ಹಿಂದಿನ ದಿನ ಮತ್ತೊಂದ್ಸಲ ಒಳಗೆ ಹೋಗಿ ಕಿವಿ ಕೊಡು. ಚಳಿ ಏನು ಮಾಡಿದೆ ನೋಡು." ನನಗೆ ಹೋಗಬೇಕೆಂದಿತ್ತು. ಕೀಲಿ ಸಿಗಲಿಲ್ಲ.

ಭಾನುವಾರದ್ದು ನಿನಗೇ ಗೊತ್ತು. ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಮೊದಲೇ ಊರು ಬಿಟ್ಟವರೆಲ್ಲ ಬಸ್ಸು ಮಾಡಿಕೊಂಡು ಬಂದಿದ್ದರು. ಮುದುಕಿಯರು ಕಪ್ಪು ಉಡುಪಿನ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಪಟ್ಟಣದ ಚರ್ಚಿನ ಹಿರಿಯರಿಬ್ಬರು ಮುಂದಿನ ಸಾಲಿನಲ್ಲಿದ್ದರು, ತಮ್ಮ ಚರ್ಚಿಗೆ ತೆಗೆದುಕೊಳ್ಳುವ ಮೊದಲು ನೀನು ನುಡಿಸುವುದನ್ನು ಕೇಳಲೆಂದೇ ಬಂದವರು ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಕೆಳಗೆ ಕಂಬಕ್ಕೆ ಒರಗಿ ನಿಂತಿದ್ದೆ. ನೀನು ಮೆತ್ತಗಿನ ಕೊಳವೆಗಳಲ್ಲೇ ನುಡಿಸುತ್ತಾ ಬಂದೆ. ಚೆನ್ನಾಗಿತ್ತು ಅಮ್ಮಾ. ಅಷ್ಟು ಚೆನ್ನಾಗಿ ನೀನು ಎಂದೂ ನುಡಿಸಿರಲಿಲ್ಲ. ಕೊನೆಯ ಹಾಡಿನ ಕೊನೆಯ ಚರಣಕ್ಕೆ ಎಲ್ಲರೂ ಎದ್ದು ನಿಂತರು. ನೀನು ತಿರುಗಿ ಕೆಳಗೆ ನನ್ನನ್ನು ನೋಡಿದೆ. ಆಮೇಲೆ ತುತ್ತೂರಿ ಸಾಲಿಗೆ ಗಾಳಿ ಬಿಡುವ ಹಿಡಿಕೆ ಎಳೆದೆ.

ಉಳಿದ ಕೊಳವೆಗಳೆಲ್ಲ ಚಳಿಗೆ ಕುಸಿದಿದ್ದವು. ತುತ್ತೂರಿ ಶುಕ್ರವಾರದ ಬಿಸಿಯಲ್ಲೇ ನಿಂತಿತ್ತು. ಆ ಎರಡೂ ಒಟ್ಟಿಗೆ ಕೂಗಿದ್ದನ್ನು ಏನೆಂದು ಬರೆಯಲಿ. ಹಂದಿ ಕೊಯ್ಯುವ ದಿನದ ಸದ್ದು. ಹಿಂದಿನ ಸಾಲಿನಲ್ಲಿ ಯಾರೋ ಮಕ್ಕಳು ಕಿಸಕ್ಕೆಂದು ನಕ್ಕರು. ನೀನು ಪಟ್ಟಿಗಳ ಮೇಲಿಂದ ಕೈ ಎತ್ತಿದೆ. ಆಮೇಲೆ ನುಡಿಸಲಿಲ್ಲ. ಜನ ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾ ಹಾಡನ್ನು ಹೇಗೋ ಮುಗಿಸಿದರು. ಪಾದ್ರಿ ಬೇಗ ಬೇಗ ಆಶೀರ್ವಾದ ಹೇಳಿದರು. ಮುನ್ನೂರು ವರ್ಷದ ಚರ್ಚಿನಲ್ಲಿ ಆರ್ಗನ್ನಿನ ಕೊನೆಯ ಸದ್ದು ಅದು.

ನೀನು ಮೆಟ್ಟಿಲಿಳಿದು ಬಂದು ಎಲ್ಲರ ಮುಂದೆ ಹೇಳಿದೆ: "ನನ್ನದೇ ತಪ್ಪು. ಕೈ ನಡುಗಿ ಏನೇನೋ ಒತ್ತಿಬಿಟ್ಟೆ. ವಯಸ್ಸಾಯ್ತಲ್ಲ." ಮಾರನೆಯ ದಿನ ಲಾರಿ ತಂದ ಮೇಸ್ತ್ರಿ "ತುತ್ತೂರಿ ಹೇಗಿತ್ತಮ್ಮಾ?" ಎಂದು ಕೇಳಿದಾಗಲೂ ನೀನು ಅದನ್ನೇ ಹೇಳಿದೆ. "ಹುಡುಗಿ ಕೆಲಸ ಚೊಕ್ಕವಾಗಿತ್ತು ಸ್ವಾಮಿ, ನಾನೇ ಕೆಡಿಸಿದೆ" ಎಂದೆ. ನಾನು ಅಲ್ಲೇ ಕೊಳವೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದೆ. ತಲೆ ಎತ್ತಲಿಲ್ಲ. ಮೇಸ್ತ್ರಿ ಆ ವಾರವೇ ಪರೀಕ್ಷೆಗೆ ನನ್ನ ಹೆಸರು ಕಳಿಸಿದರು.

ಇಷ್ಟು ದಿನ ನಾನು ಅಂದುಕೊಂಡಿದ್ದು, ನೀನು ನಿಜವಾಗಿಯೂ ನಿನ್ನ ಕೈಯದೇ ತಪ್ಪೆಂದು ನಂಬಿದ್ದೀಯ ಎಂದು. ನಂಬಿದ್ದರೆ, ಪರೀಕ್ಷೆ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಹಾಂಜಾ ಅಜ್ಜಿಯ ಕಾಗದ ಓದಿದ ದಿನ ಒಂದು ನೆನಪಾಯಿತು. ನಾನು ಏಳೆಂಟು ವರ್ಷದವಳು, ತುತ್ತೂರಿಗೆ ಇನ್ನೂ ಬಾಯಿ ಇತ್ತು. ಕ್ರಿಸ್‌ಮಸ್ ದಿನ ಅದನ್ನು ಎಳೆ ಅಮ್ಮಾ ಎಂದು ನಾನು ಹಟ ಮಾಡಿದ್ದೆ. ನೀನು, "ಅದು ಬೇಸಿಗೆ ಹಕ್ಕಿ ಕಣೇ ಪುಟ್ಟಿ. ಚಳಿಗಾಲದಲ್ಲಿ ಎಬ್ಬಿಸಿದ್ರೆ ಬಯ್ಯುತ್ತೆ. ಈಸ್ಟರ್ ಆಗ್ಲಿ" ಎಂದಿದ್ದೆ.

ಇಪ್ಪತ್ತಾರು ಚಳಿಗಾಲ ಆ ಬೆಂಚಿನ ಮೇಲೆ ಕೂತವಳು ನೀನು. ಆ ದಿನ ಹಿಡಿಕೆ ಎಳೆಯುವ ಮೊದಲೇ ನಿನಗೆ ಗೊತ್ತಿತ್ತು, ಅಲ್ಲವಾ? ಒಲೆ ಇಲ್ಲದ ಚರ್ಚು, ಪರೀಕ್ಷಿಸದ ತುತ್ತೂರಿ. ಆದರೂ ನಾನು ಕೆಳಗೆ ಕಾಯುತ್ತಾ ನಿಂತಿದ್ದೇನೆಂದು ಎಳೆದೆ. ಸದ್ದು ಕೇಳಿದ ಕ್ಷಣದಲ್ಲೇ ಯಾರ ತಪ್ಪೆಂದೂ ನಿನಗೆ ಗೊತ್ತಾಗಿರಬೇಕು. ಮೆಟ್ಟಿಲಿಳಿಯುವಷ್ಟರಲ್ಲಿ ಕೈ ನಡುಗಿತೆಂಬ ಮಾತನ್ನು ಕಟ್ಟಿಕೊಂಡೆ. ಮುಂದಿನ ಸಾಲಿನಲ್ಲಿ ಪಟ್ಟಣದವರು ಕೂತಿದ್ದು ನಿನಗೆ ಕಾಣಲಿಲ್ಲವೇ ಅಮ್ಮಾ?

ಮೊನ್ನೆ ಮೇಸ್ತ್ರಿಗೆ ಎಲ್ಲ ಹೇಳಿದೆ. ಮೂರು ವರ್ಷದಲ್ಲಿ ನಾನು ಅವರೆದುರು ಅಷ್ಟು ಮಾತಾಡಿದ್ದು ಅದೇ ಮೊದಲು. ಅವರು ಕೇಳಿಸಿಕೊಂಡು ಕನ್ನಡಕ ಒರೆಸಿಕೊಂಡರು. "ನನಗೆ ಅವತ್ತೇ ಅನುಮಾನ ಇತ್ತು. ನಿಮ್ಮಮ್ಮ ಅಷ್ಟು ಗಟ್ಟಿಯಾಗಿ ಹೇಳಿದ್ರು, ನಾನು ಸುಮ್ಮನಾದೆ" ಎಂದರು. ಪಟ್ಟಣದ ಚರ್ಚಿನವರಿಗೆ ನೀವು ಒಂದು ಮಾತು ಬರೆಯಬಹುದೇ ಎಂದು ನಾನು ಕೇಳಿದೆ. "ಬರೆದೆ ಅಂತಿಟ್ಕೋ. ಆ ಹುಡುಗನ್ನ ಕಳಿಸಿ ನಿಮ್ಮಮ್ಮನ್ನ ಕೂರಿಸ್ತಾರಾ? ನೀನು ಕೆಡಿಸಿದೆ, ಅವರು ಸುಳ್ಳು ಹೇಳಿದ್ರು, ನಾನು ಕಣ್ಣು ಮುಚ್ಚಿದೆ ಅಂತ ಮೂರೂ ಜನದ್ದು ಬೀದಿಗೆ ಬರುತ್ತೆ, ಅಷ್ಟೇ. ಮರದ ಕೆಲಸದಲ್ಲಾದ್ರೆ ತಪ್ಪಿದ ಕಡೆ ತುಂಡು ಸೇರಿಸಬಹುದು. ಆ ಗೋಡೆಗಳೇ ಇಲ್ಲದ ಮೇಲೆ ಎಲ್ಲಿ ನಿಂತು ಸರಿ ಮಾಡ್ತೀಯ?" ಎಂದರು. ಆದರೂ ಬರೆಯುತ್ತೇನೆ ಎಂದರು. ಇನ್ನೂ ಬರೆದಿಲ್ಲ.

ಮಾರ್ಚ್ ಹದಿನಾಲ್ಕಕ್ಕೆ ಚರ್ಚಿನ ಗೋಪುರ ಬೀಳಿಸಿದರೆಂದು ನೀನು ಎರಡೇ ಸಾಲು ಬರೆದಿದ್ದೆ. ಅಪ್ಪನನ್ನು ಊರಿನ ಸಮಾಧಿಯಿಂದ ತೆಗೆದು ಹೊಸ ಸ್ಮಶಾನದಲ್ಲಿ ಯಾವ ಸಾಲಿನಲ್ಲಿಟ್ಟಿದ್ದಾರೆಂದು ಬರೆದಿರಲಿಲ್ಲ.

ಈಗ ಕೀಲಿಯ ವಿಷಯ. ಸಿಗಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದನ್ನು ಹೊಡೆದುಹಾಕಿ ಹೊಸ ಹಾಳೆಯಲ್ಲಿ ಬರೆಯಬೇಕೆಂದಿದ್ದೆ. ಇರಲಿ, ಹಾಗೇ ಓದು. ಕೀಲಿ ಗಣಿ ಕಚೇರಿಯ ರೋಟೆ ಎಂಬವರ ಹತ್ತಿರ ಇತ್ತು. ಅವರು ನಮ್ಮೂರಿನ ಬಿಯರ್ ಅಂಗಡಿಯಲ್ಲೇ ಕಚೇರಿ ಮಾಡಿಕೊಂಡಿದ್ದರಲ್ಲ. ಶನಿವಾರ ನಾಲ್ಕು ಗಂಟೆಗೆ ಅಲ್ಲಿಗೆ ಹೋದೆ. ಒಳಗೆ ಆರೇಳು ಗಂಡಸರು ಇಸ್ಪೀಟು ಆಡುತ್ತಿದ್ದರು, ಜೋರಾಗಿ ನಗುತ್ತಿದ್ದರು. ಬಾಗಿಲ ಹಿಡಿಗೆ ಕೈ ಹಾಕಿದೆ. ಹೇಳಬೇಕಾದ ಜರ್ಮನ್ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ: ದಯವಿಟ್ಟು ಅರ್ಧ ಗಂಟೆ ಚರ್ಚಿನ ಕೀಲಿ ಕೊಡಿ. ಅಷ್ಟೇ ಮಾತು. ಒಳಗೆ ಯಾರೋ ಮತ್ತೆ ನಕ್ಕರು. ನಾನು ಮೆಟ್ಟಿಲಿಳಿದು ಬಂದುಬಿಟ್ಟೆ. ಮನೆಗೆ ಬಂದಾಗ ನೀನು "ಶ್ರುತಿ ಸರಿಯಿದ್ಯಾ?" ಎಂದು ಕೇಳಿದೆ. ನಾನು ಹೂಂ ಎಂದೆ. ಅರ್ಧ ಗಂಟೆ ಸಾಕಾಗುತ್ತಿತ್ತು ಅಮ್ಮಾ. ಸರಿಪಡಿಸಲಾಗದಿದ್ದರೂ, ನಾಳೆ ತುತ್ತೂರಿ ಎಳೆಯಬೇಡ ಎಂದು ನಿನಗೆ ಹೇಳಬಹುದಿತ್ತು.

ನಮ್ಮ ಆರ್ಗನ್ ಎಲ್ಲಿಗೆ ಹೋಯಿತೆಂದು ನೀನು ಪ್ರತಿ ಕಾಗದದಲ್ಲೂ ಕೇಳುತ್ತೀಯ. ಯಾವ ಚರ್ಚಿಗೂ ಬೇಕಾಗಲಿಲ್ಲ. ಮರದ ಕೊಳವೆಗಳಿಗೆ ಹುಳ ಬಿದ್ದಿದೆ. ತವರ ಎಲ್ಲೂ ಸಿಗುತ್ತಿಲ್ಲ, ಪರೀಕ್ಷೆಗೆ ನಾನು ಮಾಡಬೇಕಾದ ಹನ್ನೆರಡು ಕೊಳವೆಗಳಿಗೂ ಲೋಹ ಇರಲಿಲ್ಲ. ಬುಧವಾರ ತುತ್ತೂರಿಯ ಕೊಳವೆಗಳನ್ನು ಕರಗಿಸಿದೆವು. ಕೊಪ್ಪರಿಗೆಗೆ ಹಾಕಿದ್ದು ನಾನೇ. ಬಟ್ಟೆ ಹಾಸಿದ ಉದ್ದದ ಮೇಜಿನ ಮೇಲೆ ಸುರಿದಾಗ ಲೋಹ ಕನ್ನಡಿಯ ಹಾಗೆ ಹೊಳೆಯುತ್ತದೆ, ಆಮೇಲೆ ಒಂದು ತುದಿಯಿಂದ ಮಂಜು ಹಿಡಿದ ಹಾಗೆ ಮಂಕಾಗುತ್ತಾ ಬರುತ್ತದೆ. ಆ ಮಂಜು ಇನ್ನೊಂದು ತುದಿ ಮುಟ್ಟುವವರೆಗೂ ಯಾರೂ ಮಾತಾಡಬಾರದೆಂಬುದು ಇಲ್ಲಿನ ರೂಢಿ. ಹಾಳೆ ಚೆನ್ನಾಗಿ ಬಂತೆಂದರು ಮೇಸ್ತ್ರಿ.

ನಾಲಿಗೆಗಳು ಹಿತ್ತಾಳೆಯವು, ಕೊಪ್ಪರಿಗೆಗೆ ಬೇಡ. ನಾನು ಕತ್ತರಿಸಿದವುಗಳಲ್ಲಿ ಒಂದನ್ನು ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ, ತೆರೆಯುವಾಗ ಬೀಳಿಸಬೇಡ. ಊದಿ ನೋಡಬೇಡ. ಕೊಳವೆ ಇಲ್ಲದೆ ಅದಕ್ಕೆ ಸದ್ದಿಲ್ಲ.

ಜುಲೈ ಒಂಬತ್ತಕ್ಕೆ ಪರೀಕ್ಷೆ. ತೇರ್ಗಡೆಯಾಗುತ್ತೇನೆಂದು ಎಲ್ಲರೂ ಹೇಳುತ್ತಾರೆ. ಉತ್ತರ ಬರೆಯಲೇಬೇಕೆಂದಿಲ್ಲ. ಮಂಡಿಗೆ ರಾತ್ರಿ ಬಿಸಿ ಉಪ್ಪಿನ ಗಂಟು ಇಟ್ಟುಕೋ.

ನಿನ್ನ ಮಗಳು
ವೊರ್ಷಾ

ಮರೆತಿದ್ದು: ಈಸ್ಟರ್‌ಗೆ ಬರಲಾಗಲಿಲ್ಲ ಎಂದಿದ್ದು ಸುಳ್ಳು. ಬಂದಿದ್ದೆ. ನಿನಗೆಂದು ಬಣ್ಣ ಬರೆದ ಮೊಟ್ಟೆಗಳನ್ನು ಚೀಲದಲ್ಲಿಟ್ಟುಕೊಂಡು ಮೂರನೆಯ ಮಹಡಿಯವರೆಗೂ ಬಂದೆ, ಪರೀಕ್ಷೆಯವರೆಗೂ ಕಾಯಲಾಗದೆ, ಬಾಯಿಬಿಟ್ಟು ಹೇಳಿಬಿಡಬೇಕೆಂದೇ ಬಂದೆ. ಗಂಟೆ ಒತ್ತಲು ಬೆರಳು ಎತ್ತಿದಾಗ ಒಳಗಿಂದ ಸದ್ದು ಕೇಳಿತು. ಆ ಕಟ್ಟಡದ ಬಾಗಿಲುಗಳು ರಟ್ಟಿನಂಥವು. ನೀನು ಅಡುಗೆಮನೆಯ ಮೇಜಿನ ಮೇಲೆ ಬೆರಳಿನಿಂದ ನುಡಿಸುತ್ತಿದ್ದೆ, ಕೆಳಗೆ ಆರ್ಗನ್ನಿನ ಕಾಲುಪಟ್ಟಿ ಒತ್ತುವ ಹಾಗೆ ಹಿಮ್ಮಡಿ ನೆಲವನ್ನು ಕುಟ್ಟುತ್ತಿತ್ತು. ಎರಡು ಸಾಲಿನಲ್ಲೇ ಗೊತ್ತಾಯಿತು, ಅದು ಆ ಭಾನುವಾರದ ಕೊನೆಯ ಹಾಡು. ಒಂದು ಕಡೆಯೂ ತಾಳ ತಪ್ಪಲಿಲ್ಲ, ಬೆರಳು ನಡುಗಲಿಲ್ಲ. ಕೊನೆಯ ಚರಣ ಬರುವ ಹೊತ್ತಿಗೆ ನೀನು ನಿಲ್ಲಿಸಿಬಿಟ್ಟೆ. ನಾನು ಬಾಗಿಲಲ್ಲಿ ಮುಂದಿನದಕ್ಕೆ ಕಾದೆ. ನೀನು ಕುರ್ಚಿ ಸರಿಸಿದೆ, ನಲ್ಲಿ ತಿರುಗಿಸಿದೆ. ನಾನು ಇಳಿದು ಬಂದೆ. ಬಸ್ಸಿನಲ್ಲಿ ಬೇಕಾದಷ್ಟು ಜಾಗವಿತ್ತು.